ಜೂನ್‌ನಲ್ಲೇ ಮುಗಿದ ಗಣಿತ ಪುಸ್ತಕ

ಶಾಲೆ ಶುರುವಾಗಿ ಮೂರು ವಾರ ಕಳೆಯುವುದರೊಳಗೆ ಗಣಿತ ಪುಸ್ತಕದ ಕೊನೆಯ ಪುಟಕ್ಕೆ ಬಂದು ನಿಲ್ಲುವ ಮಕ್ಕಳು ಊರಿಗೆ ಒಬ್ಬಿಬ್ಬರಾದರೂ ಇರುತ್ತಾರೆ. ಅಪ್ಪ ಅಮ್ಮನಿಗೆ ಮೊದಲು ಹೆಮ್ಮೆ, ಅದರ ಬೆನ್ನಿಗೇ ಗಾಬರಿ: ‘ಇನ್ನು ಇವಳಿಗೆ ಏನು ಕೊಡೋದು?’ ಸಾಮಾನ್ಯವಾಗಿ ಹೊಳೆಯುವ ಉತ್ತರ ಮುಂದಿನ ತರಗತಿಯ ಪುಸ್ತಕ. ಅದೂ ಮುಗಿದರೆ ಅದರ ಮುಂದಿನದು. ಜೊತೆಗೆ ಅಬಾಕಸ್ ಕ್ಲಾಸು, ಒಲಿಂಪಿಯಾಡ್ ವರ್ಕ್‌ಬುಕ್ಕು. ನೆಂಟರು ಬಂದಾಗ ದೇಶಗಳ ರಾಜಧಾನಿಗಳನ್ನು ಪಟಪಟನೆ ಒಪ್ಪಿಸುವ ಪ್ರದರ್ಶನ, ಆಮೇಲೆ ಅದರದೇ ರೀಲ್ಸು.

ಶಾಲೆಗೇ ಹೋಗದೆ ಮನೆಯಲ್ಲಿ ಕಲಿಯುವ ಮಕ್ಕಳ ವಿಷಯದಲ್ಲಂತೂ ಈ ಓಟಕ್ಕೆ ತಡೆಯೇ ಇಲ್ಲ. ಆದರೆ ಓಡಿ ತಲುಪುವುದು ಎಲ್ಲಿಗೆ? ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹತ್ತನೇ ತರಗತಿಗೆ ಸಮನಾದ ಕೋರ್ಸಿಗೆ ಸೇರಲು ಹದಿನಾಲ್ಕು ವರ್ಷ ತುಂಬಿರಲೇಬೇಕು. ಎಂಟಕ್ಕೇ ಏಳನೇ ತರಗತಿಯ ಬೀಜಗಣಿತ ಕಲಿತ ಮಗು ಆ ಬಾಗಿಲ ಮುಂದೆ ಆರು ವರ್ಷ ಕಾಯಬೇಕು. ಆ ವರ್ಷಗಳನ್ನು ಏನು ಮಾಡುತ್ತೇವೆ ಎನ್ನುವುದೇ ನಿಜವಾದ ಪ್ರಶ್ನೆ. ನನ್ನ ಮಟ್ಟಿಗೆ, ಇಂಥ ಮಗುವಿಗೆ ಬೇಕಾಗಿರುವುದು ಸಂಜೆಯೊಳಗೆ ಮುಗಿಯದ ಪ್ರಶ್ನೆ. ಆ ಪ್ರಶ್ನೆ ಅದಕ್ಕೆ ಈಗಾಗಲೇ ಗೊತ್ತಿರುವ ಕೂಡು ಕಳೆ ಲೆಕ್ಕದಿಂದಲೇ ಎದ್ದು ಬಂದರೆ ಇನ್ನೂ ಒಳ್ಳೆಯದು.

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ 1949ರಲ್ಲಿ ಬೆಳಕಿಗೆ ತಂದ ಚೋದ್ಯವನ್ನೇ ನೋಡಿ. ನಾಲ್ಕಂಕಿಯ ಒಂದು ಸಂಖ್ಯೆ ಬೇಕು. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಬೇಕು. ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಬೇಕು. 2017ರಲ್ಲಿ ಹುಟ್ಟಿದ ಮಗು ತನ್ನ ಹುಟ್ಟಿದ ವರ್ಷದಿಂದ ಶುರು ಮಾಡಿತು ಎನ್ನೋಣ. 7210ರಲ್ಲಿ 0127 ಕಳೆದರೆ 7083. ಆಮೇಲೆ 8730ರಲ್ಲಿ 0378 ಕಳೆದರೆ 8352. ಮತ್ತೆ 8532ರಲ್ಲಿ 2358 ಕಳೆದರೆ 6174. ಇನ್ನೊಮ್ಮೆ ಮಾಡಿದರೂ 6174. ಅಲ್ಲಿಗೆ ಬಂಡಿ ನಿಂತಿತು. 2014ರಲ್ಲಿ ಹುಟ್ಟಿದ ಅಣ್ಣ ತನ್ನ ವರ್ಷದಿಂದ ಹೊರಟರೆ 4086, 8172, 7443, 3996, 6264, 4176 ಎಂದು ಸುತ್ತಾಡಿ ಏಳನೇ ಸಲಕ್ಕೆ ಅದೇ 6174ಕ್ಕೆ ಬಂದು ಬೀಳುತ್ತಾನೆ. ಯಾವ ಸಂಖ್ಯೆಯೂ ಏಳಕ್ಕಿಂತ ಹೆಚ್ಚು ಸಲ ಸತಾಯಿಸುವುದಿಲ್ಲ.

ಈ ಹಂತದಲ್ಲಿ ದೊಡ್ಡವರು ಬಾಯಿ ಬಿಗಿಹಿಡಿದು ಕೂರಬೇಕು, ಕಷ್ಟವೆಂದರೆ ಅದೇ. ಮಗು ಅಜ್ಜನ ಹುಟ್ಟಿದ ವರ್ಷ, ಸ್ಕೂಟರಿನ ನಂಬರು ಎಲ್ಲವನ್ನೂ ಹಾಕಿ ನೋಡುತ್ತದೆ. ಒಂದು ಸಲ 6174 ಬರದೇ ಹೋದರೆ ಹೊಸ ಸತ್ಯ ಸಿಕ್ಕಿತೆಂದು ಕುಣಿಯುತ್ತದೆ, ಆಮೇಲೆ ದಶಕ ತೆಗೆದುಕೊಳ್ಳುವಲ್ಲಿ ತಾನೇ ಎಡವಿದ್ದನ್ನು ಹುಡುಕಿಕೊಳ್ಳುತ್ತದೆ. ವರ್ಕ್‌ಶೀಟಿನಲ್ಲಿ ಹತ್ತು ಕಳೆಯುವ ಲೆಕ್ಕ ಕೊಟ್ಟಿದ್ದರೆ ಮುಖ ಸಿಂಡರಿಸುತ್ತಿದ್ದ ಮಗು ಇಲ್ಲಿ ನಲವತ್ತು ಲೆಕ್ಕ ಮಾಡಿರುತ್ತದೆ. ‘ಮೂರಂಕಿಗೆ ಹೀಗಾಗತ್ತಾ?’ ಎಂಬ ಪ್ರಶ್ನೆ ಅದರ ಬಾಯಿಂದಲೇ ಬರಲಿ. ಅಲ್ಲಿ 495 ಕಾದಿದೆ. ಎರಡಂಕಿಗೆ ಇಳಿದರೆ ಬಂಡಿ ನಿಲ್ಲುವುದೇ ಇಲ್ಲ: 81, 63, 27, 45, 9, ಮತ್ತೆ 81. ಎಲ್ಲವೂ ಒಂಬತ್ತರ ಮಗ್ಗಿಯವು ಎನ್ನುವುದು ಚುರುಕು ಕಣ್ಣಿಗೆ ಬೀಳದೆ ಇರದು. ಯಾಕೆ ಹಾಗೆ? ಬಿಡಿ ಸ್ಥಾನದ ಅಂಕಿ ಹತ್ತರ ಸ್ಥಾನಕ್ಕೆ ಜರುಗಿದರೆ ಅದರ ಬೆಲೆ ತನ್ನ ಒಂಬತ್ತರಷ್ಟು ಏರುತ್ತದೆ, ಅದಕ್ಕೆ. ಇದನ್ನು ಮಗು ತಾನಾಗಿ ಕಂಡುಕೊಳ್ಳಲು ಒಂದು ದಿನ ಬೇಕಾಗಬಹುದು, ಒಂದು ತಿಂಗಳೂ ಆಗಬಹುದು. ಅದು ಮಾಡುತ್ತಿರುವುದು ಮೂರನೇ ತರಗತಿಯ ಕಳೆಯುವ ಲೆಕ್ಕವನ್ನೇ. ಯೋಚಿಸುತ್ತಿರುವುದು ಮಾತ್ರ ಗಣಿತಜ್ಞರ ಹಾಗೆ.

ಅಂಕಿಗಿಂತ ಅಕ್ಷರವೇ ಹೆಚ್ಚು ಇಷ್ಟ ಎನ್ನುವ ಮಕ್ಕಳಿಗೆ ಛಂದಸ್ಸಿದೆ. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕುವುದೆಂದರೆ ಮೂಗು ಮುರಿಯುವವರೇ ಹೆಚ್ಚು. ಎಂಟು ವರ್ಷದವರಿಗೆ ಅದು ಚಪ್ಪಾಳೆ ಆಟ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನದೂ ಗುರು. ಇಷ್ಟು ಹೇಳಿ, ಗೊತ್ತಿರುವವರ ಹೆಸರುಗಳನ್ನೆಲ್ಲ ಅಳೆಯಲು ಬಿಡಿ. ಕಮಲ, ಉಮಾ, ರಾಮ ಮೂವರೂ ಮೂರು ಮಾತ್ರೆಯವರು, ಆದರೆ ಮೂವರ ನಡಿಗೆ ಬೇರೆ ಬೇರೆ. ಮೂರು ಮಾತ್ರೆಯನ್ನು ನಾಲ್ಕನೇ ಬಗೆಯಲ್ಲಿ ಜೋಡಿಸಲು ಆಗುತ್ತದೆಯೇ? ಇಲ್ಲ. ನಾಲ್ಕು ಮಾತ್ರೆಗೆ ಎಷ್ಟು ಬಗೆ? ಗಣಪತಿ, ಸರಳಾ, ಸುಧೀರ, ಕೇಶವ, ಗೀತಾ. ಐದೇ ಐದು, ಮುಗಿಯಿತು. ಆರನೆಯದನ್ನು ಹುಡುಕಿ ತರುತ್ತೇನೆಂದು ಹಟ ಹಿಡಿಯುವ ಮಗುವನ್ನು ತಡೆಯಬೇಡಿ. ಐದು ಮಾತ್ರೆಗೆ ಎಂಟು ಬಗೆ ಬರುತ್ತದೆ. ಹಾಗಾದರೆ ಆರಕ್ಕೆ?

ಹದಿಮೂರು. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು: ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಕಾರಣವೂ ಮಕ್ಕಳಿಗೆ ಎಟುಕುವಂಥದ್ದೇ. ಆರು ಮಾತ್ರೆಯ ಸಾಲು ಲಘುವಿನಲ್ಲಿ ಮುಗಿದರೆ ಅದರ ಹಿಂದೆ ಐದು ಮಾತ್ರೆ ಉಳಿಯಿತು, ಗುರುವಿನಲ್ಲಿ ಮುಗಿದರೆ ನಾಲ್ಕು ಉಳಿಯಿತು; ಎಂಟಕ್ಕೆ ಐದು ಕೂಡಿದರೆ ಆಯಿತು. ಜಗತ್ತು ಫಿಬೊನಾಚಿಯ ಹೆಸರಿನಲ್ಲಿ ಕರೆಯುವ ಸರಣಿ ಇದು. ಅವನ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರ ಮೊದಲಾದ ನಮ್ಮ ಛಂದಶ್ಶಾಸ್ತ್ರಜ್ಞರು ಮಾತ್ರೆ ಎಣಿಸುತ್ತಲೇ ಇದನ್ನು ಕಂಡಿದ್ದರು. ಅಲ್ಲಿಂದ ಮುಂದಕ್ಕೆ ದಾರಿ ಕವಲೊಡೆಯುತ್ತದೆ. ಒಬ್ಬಳು ಹತ್ತು ಮಾತ್ರೆಗೆ ಎಷ್ಟೆಂದು ಲೆಕ್ಕ ಹಾಕುತ್ತಾಳೆ, ಇನ್ನೊಬ್ಬ ಮೂರು, ನಾಲ್ಕು, ಐದು ಮಾತ್ರೆಯ ಗಣಗಳ ರಗಳೆಗಳನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಾನೆ. ಲಘುವಿನ ಬೆನ್ನಿಗೇ ಗುರು ಬಂದು ಶುರುವಾಗುವ ಗಣವನ್ನು, ಅಂದರೆ ನಮ್ಮ ಉಮಾ ಮತ್ತು ಸುಧೀರರನ್ನು, ಕನ್ನಡದ ಮಾತ್ರಾಗಣಗಳು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಯಾಕಿರಬಹುದು ಎಂದು ಮಗುವನ್ನೇ ಚಪ್ಪಾಳೆ ತಟ್ಟಿ ನೋಡಲು ಹೇಳಿ.

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೋಸೆಫ್ ರೆನ್ಜುಲಿ 1977ರಲ್ಲಿ ಮುಂದಿಟ್ಟ ಮಾದರಿ ಇಂಥ ಚುರುಕು ಮಕ್ಕಳ ಶಿಕ್ಷಣದಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಮೊದಲು ಮಗು ನಾನಾ ವಿಷಯಗಳಿಗೆ ಕಣ್ಣು ಕಿವಿ ತೆರೆಯಲಿ; ಆಮೇಲೆ ಅಳೆಯುವ, ಬರೆದಿಡುವ, ಕೇಳಿ ತಿಳಿಯುವ ಕೌಶಲ ಕಲಿಯಲಿ; ಕೊನೆಗೆ ತನಗೇ ಹತ್ತಿಕೊಂಡ ಒಂದು ಪ್ರಶ್ನೆಯನ್ನು ನಿಜವಾದ ಸಂಶೋಧಕರ ಹಾಗೆ ಬೆನ್ನು ಹತ್ತಲಿ, ಸಿಕ್ಕಿದ್ದನ್ನು ಬೇಕಾದವರಿಗೆ ಮುಟ್ಟಿಸಲಿ ಎಂಬುದು ಅದರ ಸಾರ. ಮೊದಲ ಮೆಟ್ಟಿಲಿಗೆ ನಮ್ಮಲ್ಲಿ ಬಡತನವಿಲ್ಲ. ಬೆಂಗಳೂರಿನವರಿಗೆ ನೆಹರೂ ತಾರಾಲಯ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಇವೆ, ಮಂಗಳೂರಿನವರಿಗೆ ಪಿಲಿಕುಳ. ಏನೂ ಇಲ್ಲದ ಊರಿನಲ್ಲೂ ಪಂಚಾಯಿತಿಯ ಅರಿವು ಕೇಂದ್ರ ಇರಬಹುದು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದಿಟ್ಟ ಭಾಷೆ ಇದು. ಅದರ ವಿಜ್ಞಾನ ಎಷ್ಟೋ ಕಡೆ ಹಳೆಯದಾಗಿದೆ ನಿಜ. ಯಾವ ಪುಟದಲ್ಲಿ ಏನು ಬದಲಾಗಿದೆ ಎಂದು ಪತ್ತೆ ಹಚ್ಚುವುದೇ ಒಳ್ಳೆಯ ಕೆಲಸವಾದೀತು. ಕೊನೆಯ ಮೆಟ್ಟಿಲಿಗೆ ಬೀದಿಯ ಹೊಂಗೆ ಮರ ಸಾಕು. ಸೀಸನ್‌ವಾಚ್ ಎಂಬ ಯೋಜನೆಗೆ ಹೆಸರು ಕೊಟ್ಟು ಒಂದು ಮರವನ್ನು ತನ್ನದಾಗಿಸಿಕೊಂಡ ಮಗು ವಾರಕ್ಕೊಮ್ಮೆ ಅದರ ಚಿಗುರು, ಮೊಗ್ಗು, ಹೂವು, ಕಾಯಿಗಳನ್ನು ನೋಡಿ ದಾಖಲಿಸುತ್ತದೆ. ಹೀಗೆ ದೇಶದ ತುಂಬ ಸೇರುವ ಮಾಹಿತಿ ವಿಜ್ಞಾನಿಗಳ ಕೈ ಸೇರುತ್ತದೆ. ‘ನಾನು ಬರೆದದ್ದನ್ನು ಯಾರೋ ನಿಜವಾಗಿ ಬಳಸುತ್ತಾರೆ’ ಎನ್ನುವುದು ಪದಕಕ್ಕಿಂತ ದೊಡ್ಡ ಆಮಿಷ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ನೆರಳಿನ ಲೆಕ್ಕ. ಇದಕ್ಕೆ ಇಬ್ಬರು ಬೇಕು, ಬೆಂಗಳೂರಿನಲ್ಲೊಬ್ಬರು, ಕಲಬುರಗಿಯಲ್ಲೊಬ್ಬರು. ಅತ್ತೆಯ ಮಕ್ಕಳೋ ಚಿಕ್ಕಮ್ಮನ ಮಕ್ಕಳೋ ಆದರೆ ಫೋನಿನಲ್ಲಿ ಜಗಳವಾಡಲು ಅನುಕೂಲ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಒಂದರ ನೆತ್ತಿಗೆ ಇನ್ನೊಂದು. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಹನ್ನೆರಡು ಗಂಟೆ ಹದಿನೇಳು ನಿಮಿಷದ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದೊಳಗೇ ಅಡಗುತ್ತದೆ. ಅದೇ ದಿನ ಕಲಬುರಗಿಯ ತಾರಸಿಯ ಮೇಲೆ ಒಂದು ಮೀಟರ್ ಕೋಲು ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ನೆಟ್ಟಗಿದೆಯೆಂದು ಖಾತ್ರಿ ಮಾಡಿಕೊಂಡು, ಅತಿ ಗಿಡ್ಡ ನೆರಳನ್ನು ಗುರುತು ಹಾಕಿದರೆ ಉತ್ತರಕ್ಕೆ ಚಾಚಿದ 7.6 ಸೆಂಟಿಮೀಟರಿನಷ್ಟು ನೆರಳು ಸಿಗುತ್ತದೆ.

ಇನ್ನು ಉಳಿದದ್ದು ಭಾಗಾಕಾರ: ಕೋಲನ್ನೇ ತ್ರಿಜ್ಯವಾಗಿಸಿಕೊಂಡ ವೃತ್ತದ ಸುತ್ತಳತೆಯಲ್ಲಿ ನೆರಳು ಎಷ್ಟನೇ ಪಾಲೋ, ಭೂಮಿಯ ಸುತ್ತಳತೆಯಲ್ಲಿ ಎರಡು ಊರಿನ ನಡುವಿನ ದೂರವೂ ಸುಮಾರು ಅಷ್ಟನೇ ಪಾಲು. ಒಂದು ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆ 628 ಸೆಂಟಿಮೀಟರ್. ಅದರಲ್ಲಿ 7.6 ಎಷ್ಟು ಸಲ ಹೋಗುತ್ತದೆ? ಸುಮಾರು 82.6 ಸಲ. ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆದರೆ ಎರಡು ಊರಿನ ನಡುವೆ ನೇರ ದೂರ ಹತ್ತಿರ ಹತ್ತಿರ 480 ಕಿಲೋಮೀಟರ್. ಎರಡನ್ನೂ ಗುಣಿಸಿದರೆ 39,600ಕ್ಕಿಂತ ತುಸು ಹೆಚ್ಚು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್! ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳನ್ನು ಇಟ್ಟುಕೊಂಡು ಮಾಡಿದ್ದು ಇದನ್ನೇ. ನೆರಳನ್ನು ಅರ್ಧ ಸೆಂಟಿಮೀಟರ್ ಕಡಿಮೆ ಅಳೆದುಬಿಟ್ಟರೆ ಭೂಮಿ ಸುಮಾರು 2,800 ಕಿಲೋಮೀಟರ್ ಹಿಗ್ಗುತ್ತದೆ. ‘ನೀಟಾಗಿ ಅಳಿ’ ಎಂದು ನಾವು ಇಪ್ಪತ್ತು ಸಲ ಹೇಳಿದರೂ ನಾಟದ ಪಾಠ ಇಲ್ಲಿ ಒಂದೇ ಏಟಿಗೆ ನಾಟುತ್ತದೆ. ಏಪ್ರಿಲ್ ತಪ್ಪಿದರೆ ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಅವಕಾಶವಿದೆ, ಮೋಡ ಬಿಟ್ಟರೆ.

ಒಂದು ಎಚ್ಚರಿಕೆ. ಹನ್ನೆರಡು ವರ್ಷದವರ ಪುಸ್ತಕ ಓದುವ ಮಗು ಅಳುವುದು ಎಂಟು ವರ್ಷದವರ ಹಾಗೆಯೇ. ತಲೆ ಓಡಿದಷ್ಟು ವೇಗವಾಗಿ ಪೆನ್ಸಿಲ್ ಓಡುವುದಿಲ್ಲ. ಅದರ ಸಿಟ್ಟನ್ನು ಸೋಮಾರಿತನ ಎನ್ನಬೇಡಿ, ಅದು ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಮತ್ತೆ ಆ ‘ಜಾಣ ಮರಿ’ ಎಂಬ ಮಾತು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಆಮೇಲೆ ಕಷ್ಟದ ಲೆಕ್ಕಗಳಿಂದ ಜಾರಿಕೊಳ್ಳಲು ನೋಡಿದರು. ಸೋತಾಗ ಹೆಚ್ಚು ಕುಸಿದವರೂ ಅವರೇ. ಪ್ರಯತ್ನವನ್ನು ಹೊಗಳಿಸಿಕೊಂಡವರು ಕಷ್ಟದ್ದನ್ನೇ ಕೇಳಿ ಪಡೆದರು. ಜಾಣತನವೇ ಆಸ್ತಿ ಎಂದುಕೊಂಡ ಮಗು ಅದನ್ನು ಕಳೆದುಕೊಳ್ಳುವ ಭಯದಲ್ಲೇ ಇರುತ್ತದೆ.

ಜಾಣರನ್ನು ಆರಿಸುವ ಪರೀಕ್ಷೆಗಳ ಮೇಲೂ ನನಗೆ ಅಷ್ಟೇನೂ ಭರವಸೆಯಿಲ್ಲ. ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಮತ್ತೆ ಪರೀಕ್ಷೆಯಿಂದ ಸಾವಿರಕ್ಕೂ ಮಿಕ್ಕಿ ಮಕ್ಕಳನ್ನು ಆರಿಸುವ ಕೆಲಸಕ್ಕೆ ಕೈಹಾಕಿದರು. ಆ ಜರಡಿಯಲ್ಲಿ ಕೆಳಗೆ ಬಿದ್ದುಹೋದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಮುಂದೆ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಹಾಗಾಗಿ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬಳಿಗೆ ಜಾಣೆಯ ಪಟ್ಟ ಕಟ್ಟಿ ಇನ್ನೊಬ್ಬನನ್ನು ಹೊರಗೆ ಆಡಲು ಕಳಿಸಬೇಡಿ.

ಇಬ್ಬರನ್ನೂ, ಸಿಕ್ಕರೆ ಅಜ್ಜಿಯನ್ನೂ, ಚೌಕಾಬಾರಕ್ಕೆ ಕೂರಿಸಿ. ಕಾಯಿ ನಡೆಸುವುದರಲ್ಲಿ ಹಲವು ಸಲ ಗೆಲ್ಲುವವನು ಆ ಇನ್ನೊಬ್ಬನೇ. ನಾಲ್ಕು ಕವಡೆಯಲ್ಲಿ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಯಾವ ಗರ ಹೆಚ್ಚು ಸಲ ಬೀಳುತ್ತದೆ ಎಂದು ಆಟದ ನಡುವೆ ಕೇಳಿ ನೋಡಿ. ಮೊದಲು ನಾಲ್ಕು ರೂಪಾಯಿ ನಾಣ್ಯಗಳಿಂದ ಎಣಿಸುವುದು ಸುಲಭ. ಬೀಳಬಹುದಾದ ಹದಿನಾರು ಬಗೆಗಳಲ್ಲಿ ಎರಡು ಬೀಳುವ ಬಗೆ ಆರು, ಒಂದು ಮತ್ತು ಮೂರಕ್ಕೆ ನಾಲ್ಕು ನಾಲ್ಕು, ಚೌಕಕ್ಕೂ ಬಾರಕ್ಕೂ ಒಂದೊಂದು. ಕವಡೆ ಮಾತ್ರ ನಾಣ್ಯದಂತೆ ನಡೆದುಕೊಳ್ಳುವುದಿಲ್ಲ; ಅದರ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ನೂರು ಸಲ ಎಸೆದು ಗೀಟು ಹಾಕಿದರೆ ನಿಮ್ಮ ಮನೆಯ ಕವಡೆಗಳ ಗುಣ ಗೊತ್ತಾಗುತ್ತದೆ. ಕವಡೆ ಇಲ್ಲದವರು ಹುಣಸೆ ಬೀಜದ ಒಂದು ಮಗ್ಗುಲನ್ನು ಬಿಳಿ ಕಾಣುವವರೆಗೆ ಕಲ್ಲಿಗೆ ಉಜ್ಜಿಕೊಳ್ಳುವುದು ಹಳೆಯ ರೂಢಿ. ಆಗ ಗರಗಳ ಲೆಕ್ಕವೂ ಬದಲಾಗುತ್ತದೆ, ಇನ್ನೊಂದು ಪಟ್ಟಿ ಬರೆಯಬೇಕಾಗುತ್ತದೆ.