ಎರಡು ಸರೋವರಗಳ ನಡುವೆ ಒಂದು ಬೇಸಿಗೆ ಪಾಠಶಾಲೆ

ಮಗಳಿಗೆ ಹದಿನಾರು ವರ್ಷ. ಪಿಟೀಲು ಚೆನ್ನಾಗಿ ನುಡಿಸುತ್ತಾಳೆ. ಶಾಲೆಯ ವಾದ್ಯವೃಂದದಲ್ಲಿ ಅವಳೇ ಮುಂದು. ಇನ್ನೆರಡು ವರ್ಷಕ್ಕೆ ಕಾಲೇಜು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳು 'ನಾನು ಸಂಗೀತವನ್ನೇ ಓದುತ್ತೇನೆ' ಎಂದರೆ ತಂದೆತಾಯಿ ಏನು ಹೇಳಬೇಕು? ಬೇಡ ಎಂದರೆ ಮುಂದೊಂದು ದಿನ ಮಗಳು ದೂರಬಹುದು. ಆಗಲಿ ಎಂದರೆ ನಾಳಿನ ಹೊಟ್ಟೆಪಾಡಿನ ಚಿಂತೆ. ಅವಳಿಗಿರುವುದು ನಿಜವಾದ ಒಲವೋ, ವಾರ್ಷಿಕೋತ್ಸವದ ಚಪ್ಪಾಳೆ ಹತ್ತಿಸಿದ ಹುಚ್ಚೋ ಎಂದು ತಿಳಿಯುವ ಬಗೆ ಯಾವುದು?

ಈ ಇಕ್ಕಟ್ಟು ಎಲ್ಲ ದೇಶಗಳಲ್ಲೂ ಉಂಟು. ಅಮೆರಿಕದವರು ಇದಕ್ಕೊಂದು ನಡುದಾರಿ ಕಂಡುಕೊಂಡಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ. ಆ ರಜೆಯಲ್ಲಿ ಹೈಸ್ಕೂಲು ಓದುವ ಹುಡುಗ ಹುಡುಗಿಯರನ್ನು ಮೂರರಿಂದ ಆರು ವಾರ ವಸತಿಗೆ ಇಟ್ಟುಕೊಂಡು ಸಂಗೀತ, ನಾಟಕ, ನೃತ್ಯಗಳನ್ನು ಕಾಲೇಜಿನ ಮಟ್ಟದ ಶಿಸ್ತಿನಲ್ಲಿ ಕಲಿಸುತ್ತಾರೆ. ಇವುಗಳಿಗೆ 'ಪ್ರೀ ಕಾಲೇಜ್' ಶಿಬಿರಗಳೆಂದು ಹೆಸರು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನಡೆಯುವ ಮಕ್ಕಳ ಬೇಸಿಗೆ ಶಿಬಿರಗಳಿಗೂ ಇವುಗಳಿಗೂ ವ್ಯತ್ಯಾಸವಿದೆ. ನಮ್ಮವು ಹೆಚ್ಚಾಗಿ ಆಟದ ಜೊತೆಗೆ ಕಲೆಯ ರುಚಿ ಹತ್ತಿಸುವಂಥವು. ಅಲ್ಲಿನವು, ರುಚಿ ಹತ್ತಿದವರನ್ನು ಒರೆಗೆ ಹಚ್ಚುವಂಥವು.

ಹೋಟೆಲಿನ ಪಕ್ಕದ ಪೈನ್ ಕಾಡು

ಇಂಥ ಶಿಬಿರಗಳಲ್ಲಿ ಬಹಳ ಹಳೆಯದೂ ಹೆಸರಾಂತದ್ದೂ ಆದದ್ದು ಮಿಷಿಗನ್ ರಾಜ್ಯದ ಇಂಟರ್‌ಲಾಕೆನ್. ಹೆಸರಿನ ಅರ್ಥವೇ 'ಸರೋವರಗಳ ನಡುವೆ' ಎಂದು. ಎರಡು ಸರೋವರಗಳು, ಸುತ್ತ ಎತ್ತರದ ಪೈನ್ ಮರಗಳು. ಡೆಟ್ರಾಯಿಟ್ ನಗರದಿಂದ ವಾಯವ್ಯಕ್ಕೆ ಸುಮಾರು 400 ಕಿಲೋಮೀಟರ್ ದೂರ.

ಇದನ್ನು ಕಟ್ಟಿದವರು ಜೋಸೆಫ್ ಮ್ಯಾಡಿ ಎಂಬ ಸಂಗೀತ ಮೇಷ್ಟ್ರು. ಅಮೆರಿಕದ ಶಾಲೆಗಳಲ್ಲಿ ಗುಂಪಾಗಿ ವಾದ್ಯ ಕಲಿಸುವ ಪದ್ಧತಿಯನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. 1926ರಲ್ಲಿ ಡೆಟ್ರಾಯಿಟ್‌ನಲ್ಲಿ ಸಂಗೀತ ಶಿಕ್ಷಕರ ಸಮ್ಮೇಳನ ನಡೆದಾಗ ಅವರು ದೇಶದ ನಾನಾ ಕಡೆಯ ಹೈಸ್ಕೂಲುಗಳಿಂದ 200ಕ್ಕೂ ಹೆಚ್ಚು ಮಕ್ಕಳನ್ನು ಕರೆಸಿ ಒಂದು ದೊಡ್ಡ ವಾದ್ಯವೃಂದ ಕಟ್ಟಿ ನುಡಿಸಿದರು. ಕೆಲವೇ ದಿನ ಕಲೆತ ಮಕ್ಕಳು ಇಷ್ಟು ನುಡಿಸುವುದಾದರೆ ಇಡೀ ಬೇಸಿಗೆ ಒಟ್ಟಿಗಿದ್ದರೆ ಇನ್ನೆಷ್ಟು ಕಲಿತಾರು ಎಂಬ ಯೋಚನೆ ಹುಟ್ಟಿತು. ಇಂಟರ್‌ಲಾಕೆನ್‌ನಲ್ಲಿ ಹೋಟೆಲು ನಡೆಸುತ್ತಿದ್ದ ವಿಲ್ಲಿಸ್ ಪೆನ್ನಿಂಗ್ಟನ್ ಎಂಬವರು ಜಾಗ ಒದಗಿಸಲು ಮುಂದೆ ಬಂದರು. 1928ರ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ಶಿಬಿರ ಆರಂಭವಾಯಿತು. ಮುಂದೆ ನಾಟಕ, ನೃತ್ಯ, ಚಿತ್ರಕಲೆ ಸೇರಿಕೊಂಡವು. 1962ರಲ್ಲಿ ವರ್ಷವಿಡೀ ನಡೆಯುವ ವಸತಿ ಹೈಸ್ಕೂಲೂ ಅಲ್ಲಿ ತಲೆಯೆತ್ತಿತು.

ಬ್ಯಾಂಡ್ ಸಂಗೀತದ ದೊರೆ ಎನಿಸಿದ ಜಾನ್ ಫಿಲಿಪ್ ಸೂಸಾ ಇಲ್ಲಿಗೆ ಬಂದು ಮಕ್ಕಳ ಬ್ಯಾಂಡನ್ನು ನಡೆಸಿದರು. 1931ರಲ್ಲಿ ಈ ಶಿಬಿರಕ್ಕೆಂದೇ ಒಂದು ಕೃತಿ ರಚಿಸಿದರು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಇಂಟರ್‌ಲಾಕೆನ್ ವಾದ್ಯವೃಂದವನ್ನು ಒಂಬತ್ತು ವರ್ಷದ ಬಾಲಕನೊಬ್ಬ ನಿರ್ದೇಶಿಸಿದ. ಮುಂದೆ ಜಗತ್ಪ್ರಸಿದ್ಧ ನಿರ್ದೇಶಕನಾದ ಲೋರಿನ್ ಮಾಜೆಲ್ ಅವನೇ. ಪಂಡಿತ್ ರವಿಶಂಕರ್ ಅವರ ಮಗಳು, ಟೆಕ್ಸಾಸ್‌ನಲ್ಲಿ ತಾಯಿಯ ಬಳಿ ಬೆಳೆದ ನೋರಾ ಜೋನ್ಸ್ ಕೂಡ ಹದಿಹರೆಯದಲ್ಲಿ ಇಲ್ಲಿನ ಬೇಸಿಗೆ ಶಿಬಿರದಲ್ಲಿ ಕಲಿತವರೇ. 2003ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಪ್ರಶಸ್ತಿ ಪಡೆದು ಆಕೆ ಮನೆಮಾತಾದರು.

ಇಂಟರ್‌ಲಾಕೆನ್ ಒಂದೇ ಅಲ್ಲ. ಷಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 1931ರಿಂದಲೇ ಹೈಸ್ಕೂಲು ಮಕ್ಕಳಿಗೆ ಬೇಸಿಗೆ ಶಿಕ್ಷಣ ಕೊಡುತ್ತ ಬಂದಿದೆ. ನಾಟಕ ಅದರ ಮುಖ್ಯ ವಿಭಾಗಗಳಲ್ಲಿ ಒಂದು. ಬಾಸ್ಟನ್ ವಿಶ್ವವಿದ್ಯಾಲಯ 1966ರಲ್ಲಿ ಟ್ಯಾಂಗಲ್‌ವುಡ್ ಎಂಬಲ್ಲಿ ಸಂಗೀತದ ಶಿಬಿರ ಆರಂಭಿಸಿತು. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಅಮೆರಿಕದಲ್ಲಿ ಮೊಟ್ಟಮೊದಲು ನಾಟಕಕ್ಕೆ ಪದವಿ ಕೊಟ್ಟ ಹಿರಿಮೆಯಿದೆ. 1914ರಲ್ಲಿ ಆರಂಭವಾದ ನಾಟಕ ವಿಭಾಗ ಅಲ್ಲಿನದು. ಅಲ್ಲಿಯೂ ಪ್ರೀ ಕಾಲೇಜ್ ಶಿಬಿರ ನಡೆಯುತ್ತದೆ.

ಮನೆ ಬಿಟ್ಟು ಹೋಗುವ ಪಾಠ

ಕಲೆಗಾಗಿ ಹದಿಹರೆಯದಲ್ಲಿ ಮನೆ ಬಿಡುವುದು ನಮಗೇನೂ ಹೊಸ ಸಂಗತಿಯಲ್ಲ. ಇಂಟರ್‌ಲಾಕೆನ್ ಶುರುವಾದ ಐದು ವರ್ಷಕ್ಕೆ, 1933ರಲ್ಲಿ, ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಯಾರಿಗೂ ಹೇಳದೆ ಮನೆ ಬಿಟ್ಟ. ಊರೂರು ಅಲೆದು, ಗ್ವಾಲಿಯರ್‌ವರೆಗೂ ಹೋಗಿ, ಕೊನೆಗೆ ತನ್ನ ನಾಡಿನಲ್ಲೇ ಕುಂದಗೋಳದ ಸವಾಯಿ ಗಂಧರ್ವರಲ್ಲಿ ನೆಲೆ ಕಂಡ. ಗುರುವಿನ ಮನೆಗೆಲಸ ಮಾಡುತ್ತ ವಿದ್ಯೆ ಕಲಿತ ಆ ಹುಡುಗ ಭೀಮಸೇನ ಜೋಶಿ.

ಆ ಕಾಲದ ಪರೀಕ್ಷೆ ಅದು. ಊಟವಿಲ್ಲದೆ, ನೆಲೆಯಿಲ್ಲದೆ ಅಲೆದರೂ ಆಸೆ ಬತ್ತದಿದ್ದರೆ ಅವನು ಗಾಯಕನಾದಾನು. ಆದರೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಕಣ್ಮರೆಯಾದ ಮಕ್ಕಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಬೇಸಿಗೆ ಶಿಬಿರ ಅದೇ ಪರೀಕ್ಷೆಯನ್ನು ಹಾಸಿಗೆ, ಊಟ, ವೈದ್ಯರ ನೆರಳಿನಲ್ಲಿ, ಆರು ವಾರದ ಮಿತಿಯಲ್ಲಿ ಮಾಡುತ್ತದೆ. ಸೋತವರು ಆಗಸ್ಟ್‌ನಲ್ಲಿ ಮನೆಗೆ ಬಂದು ಬೇರೆ ಓದಿಗೆ ತೊಡಗಬಹುದು. ಈ ಏರ್ಪಾಟಿನ ದೊಡ್ಡ ಉಪಕಾರ ಇದೇ ಎಂದು ನನಗೆ ತೋರುತ್ತದೆ.

ಅಲ್ಲಿನ ದಿನಚರಿ ಹೇಗಿರುತ್ತದೆ? ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ, ತಾಲೀಮು, ಒಬ್ಬೊಬ್ಬರೇ ಕುಳಿತು ಮಾಡುವ ಸಾಧನೆ. ನಾಟಕದವರಿಗೆ ಅಭಿನಯದ ಜೊತೆಗೆ ಧ್ವನಿ, ಅಂಗಚಲನೆ, ಹಾಡಿನ ತರಗತಿಗಳು. ರಾತ್ರಿ ಕಛೇರಿ ಅಥವಾ ನಾಟಕ. ಇಂಟರ್‌ಲಾಕೆನ್‌ನಲ್ಲಿ ಎಲ್ಲರಿಗೂ ನೀಲಿ ಸಮವಸ್ತ್ರ. ಉಳ್ಳವರ ಮಗ, ಇಲ್ಲದವರ ಮಗ ಎಂಬ ಭೇದ ಬಟ್ಟೆಯಲ್ಲಿ ಕಾಣಬಾರದೆಂಬುದು ಅದರ ಉದ್ದೇಶ.

ಬೆನ್ನು ತಿರುಗಿಸಿ ಕೊಟ್ಟ ತೀರ್ಪು

ಈ ಶಿಬಿರಗಳಲ್ಲಿ ಮಗು ಎದುರಿಸುವ ಮೊದಲ ಪೆಟ್ಟು ಕಷ್ಟದ ದುಡಿಮೆಯಲ್ಲ. ತಾನು ಸಾಧಾರಣ ಎಂಬ ಅರಿವು. ಊರಿನ ಶಾಲೆಯಲ್ಲಿ ಮೊದಲಿಗಳಾದವಳು ಇಲ್ಲಿ ಬಂದು ನೋಡಿದರೆ ಸುತ್ತ ಇರುವವರೆಲ್ಲ ತಮ್ಮ ತಮ್ಮ ಊರಿನ ಮೊದಲಿಗರೇ.

ಪಾಶ್ಚಾತ್ಯ ವಾದ್ಯವೃಂದದಲ್ಲಿ ಒಂದೇ ವಾದ್ಯದವರು ಸಾಮರ್ಥ್ಯದ ಕ್ರಮದಲ್ಲಿ ಕುಳಿತುಕೊಳ್ಳುವ ರೂಢಿಯುಂಟು. ಇಂಟರ್‌ಲಾಕೆನ್‌ನಲ್ಲಿ ಬಹುಕಾಲ ಈ ಕುರ್ಚಿಗಳಿಗೆ ವಾರವಾರವೂ ಪಂಥ ನಡೆಯುತ್ತಿತ್ತು. ಅಕ್ಕಪಕ್ಕ ಕುಳಿತ ಇಬ್ಬರು ಒಂದೇ ಭಾಗವನ್ನು ಒಬ್ಬರಾದ ಮೇಲೆ ಒಬ್ಬರು ನುಡಿಸಬೇಕು. ಉಳಿದ ವಿದ್ಯಾರ್ಥಿಗಳು ಬೆನ್ನು ತಿರುಗಿಸಿ ಅಥವಾ ಕಣ್ಣು ಮುಚ್ಚಿ ಕೇಳಿ ಕೈಯೆತ್ತಿ ತೀರ್ಪು ಕೊಡಬೇಕು. ಗೆದ್ದವರು ಮೇಲಿನ ಕುರ್ಚಿಗೆ, ಸೋತವರು ಕೆಳಗಿನದಕ್ಕೆ. ಮುಖ ನೋಡಿ ಮಣೆ ಹಾಕುವ ಪ್ರಶ್ನೆಯೇ ಇಲ್ಲ. ಆದರೆ ಗೆಳತಿಯರ ಕೈಯಿಂದಲೇ ಕೆಳಗಿಳಿಯುವ ನೋವು ಚಿಕ್ಕದಲ್ಲ. ಇದು ಕಿವಿಯನ್ನು ಹರಿತ ಮಾಡುತ್ತದೆ ಎಂದು ಹೊಗಳಿದವರಿದ್ದಾರೆ; ಎಳೆಯ ಮನಸ್ಸಿಗೆ ಇದು ಕ್ರೌರ್ಯವೆಂದು ಹೇಳಿದವರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯವಿದೆ.

ಸೋತ ಮರುದಿನ ಬೆಳಿಗ್ಗೆ ಹುಡುಗಿ ಏನು ಮಾಡುತ್ತಾಳೆ ಎಂಬುದನ್ನು ಮಾತ್ರ ಗಮನಿಸಬೇಕು. ಪಿಟೀಲಿನ ಪೆಟ್ಟಿಗೆ ತೆಗೆದು ಅದೇ ಭಾಗವನ್ನು ಮತ್ತೆ ನಿಧಾನವಾಗಿ ನುಡಿಸತೊಡಗಿದರೆ ಆಕೆಗೆ ಬೇಕಾದದ್ದು ಸಂಗೀತ. ಪೆಟ್ಟಿಗೆ ಮುಚ್ಚಿಯೇ ಇದ್ದರೆ ಬೇಕಾದದ್ದು ಬಹುಶಃ ಮೊದಲ ಕುರ್ಚಿ. ಎರಡನೆಯದೂ ತಪ್ಪೇನಲ್ಲ, ಆದರೆ ಅದನ್ನು ನಂಬಿ ನಾಲ್ಕು ವರ್ಷದ ಪದವಿಗೆ ಸೇರುವುದು ಕಷ್ಟ.

ಸೀಟು ಸಿಗುವುದೇ?

ಅಮೆರಿಕದ ಸಂಗೀತ, ನಾಟಕ ಕಾಲೇಜುಗಳಿಗೆ ಅಂಕಪಟ್ಟಿಯೊಂದರಿಂದಲೇ ಪ್ರವೇಶ ಸಿಗುವುದಿಲ್ಲ. ಪರೀಕ್ಷಕರ ಮುಂದೆ ಹಾಡಿ, ನುಡಿಸಿ, ನಟಿಸಿ ತೋರಿಸುವ ಆಡಿಷನ್ ಇರುತ್ತದೆ. ಶಿಬಿರದಲ್ಲಿ ಅದಕ್ಕೆ ತಯಾರಿ ಮಾಡಿಸುತ್ತಾರೆ. ಕೆಲವೆಡೆ ಕಾಲೇಜಿನ ಅಧ್ಯಾಪಕರೇ ಪಾಠ ಹೇಳುತ್ತಾರೆ. ಹೀಗಾಗಿ ಶಿಬಿರಕ್ಕೆ ಹೋದರೆ ಸೀಟು ಖಚಿತ ಎಂಬ ನಂಬಿಕೆ ಅನೇಕ ತಂದೆತಾಯಿಯರಲ್ಲಿದೆ. ಇದು ತಪ್ಪು ತಿಳಿವಳಿಕೆ. ಶಿಬಿರದಲ್ಲಿ ಭಾಗವಹಿಸಿದ್ದು ಪ್ರವೇಶಕ್ಕೆ ಖಾತರಿಯಲ್ಲ ಎಂದು ವಿಶ್ವವಿದ್ಯಾಲಯಗಳೇ ಹೇಳುತ್ತವೆ.

ಖರ್ಚು ಕಡಿಮೆಯದಲ್ಲ. ಹೆಸರಾಂತ ಶಿಬಿರಗಳಲ್ಲಿ ಆರು ವಾರಕ್ಕೆ ಹತ್ತು ಸಾವಿರ ಡಾಲರ್ ಮೀರುವುದೂ ಉಂಟು. ಪ್ರತಿಭೆ ನೋಡಿ ಅಥವಾ ಮನೆಯ ಆದಾಯ ನೋಡಿ ನೆರವು ಕೊಡುವ ಪದ್ಧತಿಯಿದೆ. ಆದರೆ ಅದಕ್ಕೆ ಚಳಿಗಾಲದಲ್ಲೇ ಅರ್ಜಿ ಹಾಕಿ, ಹಾಡಿದ ಅಥವಾ ನಟಿಸಿದ ಮುದ್ರಣ ಕಳಿಸಬೇಕಾಗುತ್ತದೆ. ತಡವಾಗಿ ಎಚ್ಚೆತ್ತವರಿಗೆ ನೆರವಿನ ಬಾಗಿಲು ಮುಚ್ಚಿರುತ್ತದೆ.

ಸಾವಿರಾರು ಮೈಲಿ ದೂರದ ಈ ವಿಷಯ ನಮಗೇಕೆ ಎನ್ನಬೇಕಾಗಿಲ್ಲ. ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದಂಥ ಸಂಘಗಳು ಅಲ್ಲಿ ದಶಕಗಳಿಂದ ಇವೆ. ನಮ್ಮ ಅಕ್ಕನ ಮಕ್ಕಳು, ಅಣ್ಣನ ಮೊಮ್ಮಕ್ಕಳು ಅಲ್ಲೇ ಹುಟ್ಟಿ ಅಲ್ಲಿನ ಹೈಸ್ಕೂಲುಗಳ ವಾದ್ಯವೃಂದದಲ್ಲಿ ನುಡಿಸುತ್ತಿದ್ದಾರೆ. 'ಹುಡುಗಿ ಬೇಸಿಗೆ ಪೂರ್ತಿ ಪಿಟೀಲು ಕಲಿಯಲು ಹೋಗುತ್ತಾಳಂತೆ, ಲೆಕ್ಕ ವಿಜ್ಞಾನ ಏನಾಗಬೇಕು?' ಎಂದು ಫೋನಿನಲ್ಲಿ ಕೇಳುವವರು ಇಲ್ಲಿನ ಅಜ್ಜ ಅಜ್ಜಿಯರೇ.

ಕೇಳಬೇಕಾದ ಪ್ರಶ್ನೆಗಳು

ಕಳಿಸುವ ಮುನ್ನ ತಂದೆತಾಯಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನಿಜವಾಗಿ ಪಾಠ ಹೇಳುವವರು ಯಾರು, ಹೆಸರಾಂತ ಗುರುಗಳೇ ಅಥವಾ ಅವರ ಶಿಷ್ಯರೇ? ನಾಟಕದಲ್ಲಿ ದೊಡ್ಡ ಪಾತ್ರ ಸಿಗದ ಮಗುವಿಗೆ ಆರು ವಾರ ಏನು ಕೆಲಸ? ದಿನಕ್ಕೆ ಎಷ್ಟು ಗಂಟೆ ಸಾಧನೆ?

ಈ ಕೊನೆಯ ಪ್ರಶ್ನೆ ಆರೋಗ್ಯಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ದಿನಕ್ಕೆ ಒಂದು ಗಂಟೆ ನುಡಿಸುತ್ತಿದ್ದವರು ಏಕಾಏಕಿ ಐದಾರು ಗಂಟೆ ನುಡಿಸಿದರೆ ಮಣಿಕಟ್ಟು, ಭುಜಗಳ ಸ್ನಾಯುಗಳು ಊದಿಕೊಂಡು ನೋಯುತ್ತವೆ. ಹಾಡುವವರಿಗೆ ಗಂಟಲು, ನರ್ತಿಸುವವರಿಗೆ ಪಾದದ ಕೀಲು. ಹೊರಡುವ ಒಂದೆರಡು ತಿಂಗಳ ಮೊದಲಿನಿಂದಲೇ ಸಾಧನೆಯ ಅವಧಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಬಂದರೆ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇನ್ನೊಂದು ಪ್ರಶ್ನೆ ಕೇಳಲು ಮುಜುಗರವಾದರೂ ಬಿಡಬಾರದು. ರಾತ್ರಿ ಮಕ್ಕಳ ಮೇಲ್ವಿಚಾರಣೆ ಯಾರದು? ಗುರು ಮತ್ತು ಶಿಷ್ಯೆ ಒಂದೇ ಕೋಣೆಯಲ್ಲಿ ಕುಳಿತು ಕಲಿಯುವ ವಿದ್ಯೆ ಇದು. ಅಮೆರಿಕದ ಕೆಲವು ವಸತಿ ಕಲಾಶಾಲೆಗಳ ಹಳೆಯ ವಿದ್ಯಾರ್ಥಿಗಳು, ತಾವು ಎಳೆಯರಿದ್ದಾಗ ಗುರುಗಳಿಂದ ದೌರ್ಜನ್ಯಕ್ಕೆ ಒಳಗಾದದ್ದನ್ನು ಎಷ್ಟೋ ವರ್ಷಗಳ ಮೇಲೆ ಹೇಳಿಕೊಂಡು ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಪಾಠದ ಕೋಣೆಯ ಬಾಗಿಲಿಗೆ ಗಾಜಿದೆಯೇ, ದೂರು ಕೇಳುವವರು ಯಾರು ಎಂದು ವಿಚಾರಿಸಿದರೆ ಒಳ್ಳೆಯ ಸಂಸ್ಥೆ ಬೇಸರಪಟ್ಟುಕೊಳ್ಳುವುದಿಲ್ಲ. ಬೇಸರಪಟ್ಟುಕೊಂಡರೆ ಅದೇ ಉತ್ತರ.

ಚಪ್ಪಾಳೆ ಇಲ್ಲ

ಈ ಮಕ್ಕಳು ಕಲಿಯುವವರೋ, ಕಲಾವಿದರೋ ಎಂಬ ವಿಷಯಕ್ಕೆ ಒಮ್ಮೆ ದೊಡ್ಡ ಜಗಳವೇ ನಡೆಯಿತು. 1942ರಲ್ಲಿ ಅಮೆರಿಕದ ಸಂಗೀತಗಾರರ ಕಾರ್ಮಿಕ ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೊ, ಇಂಟರ್‌ಲಾಕೆನ್ ಮಕ್ಕಳ ಕಛೇರಿಗಳು ರೇಡಿಯೋದಲ್ಲಿ ಪ್ರಸಾರವಾಗದಂತೆ ತಡೆದರು. ಬಿಟ್ಟಿ ನುಡಿಸುವ ಮಕ್ಕಳಿಂದ ದುಡಿಯುವ ಸಂಗೀತಗಾರರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬುದು ಅವರ ವಾದ. ಅಲ್ಲಿ ಪಾಠ ಹೇಳಿದ ತಪ್ಪಿಗೆ ಮ್ಯಾಡಿ ಅವರನ್ನೇ ಸಂಘದಿಂದ ಹೊರಹಾಕಲಾಯಿತು. ವಿಷಯ ಸಂಸತ್ತಿನವರೆಗೆ ಹೋಗಿ, 1946ರಲ್ಲಿ 'ಲೀ ಕಾಯ್ದೆ' ಬಂದು, ಇಂಥ ಶೈಕ್ಷಣಿಕ ಪ್ರಸಾರಗಳಿಗೆ ಅಡ್ಡಿಪಡಿಸುವಂತೆ ಬಾನುಲಿ ಸಂಸ್ಥೆಗಳ ಮೇಲೆ ಒತ್ತಡ ಹೇರುವುದು ಅಪರಾಧವಾಯಿತು. ಆದರೂ ಪೆಟ್ರಿಲ್ಲೊ ನೆನಪಿಸಿದ ಮಾತನ್ನು ಮರೆಯುವಂತಿಲ್ಲ. ಸಂಗೀತವೆಂಬುದು ಕೆಲವರ ಹೊಟ್ಟೆಪಾಡು. ಆ ಹೊಟ್ಟೆಪಾಡು ಸುಲಭದ್ದಲ್ಲ. ಶಿಬಿರ ಮುಗಿಸಿ ಬಂದವರಲ್ಲಿ ಅನೇಕರು ವೈದ್ಯರೋ ವಕೀಲರೋ ಆಗಿ, ಒಳ್ಳೆಯ ಕೇಳುಗರಾಗಿ ಉಳಿಯುತ್ತಾರೆ. ಅದೂ ನಷ್ಟವಲ್ಲ.

ಇಂಟರ್‌ಲಾಕೆನ್‌ನಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ದೊಡ್ಡ ಕಛೇರಿಗಳ ಕೊನೆಗೆ, 1930ರಲ್ಲಿ ಬಾಸ್ಟನ್‌ನಲ್ಲಿ ಮೊದಲು ನುಡಿಸಲಾದ ಹೋವರ್ಡ್ ಹ್ಯಾನ್ಸನ್ ಅವರ ಸಿಂಫನಿಯೊಂದರ ಒಂದು ಸಣ್ಣ ಭಾಗವನ್ನು ನುಡಿಸುತ್ತಾರೆ. ಆಗ ನಿರ್ದೇಶಕರು ಕೆಳಗಿಳಿಯುತ್ತಾರೆ. ಮೊದಲ ಪಿಟೀಲಿನ ವಿದ್ಯಾರ್ಥಿ ಮುಂದಾಳಾಗುತ್ತಾನೆ. ನುಡಿಸಿ ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮಕ್ಕಳು ಸದ್ದಿಲ್ಲದೆ ವಾದ್ಯಗಳನ್ನು ಎತ್ತಿಕೊಂಡು ಕತ್ತಲಲ್ಲಿ ತಮ್ಮ ತಮ್ಮ ಕೋಣೆಗೆ ನಡೆಯುತ್ತಾರೆ.

ಆಗಸ್ಟ್‌ನಲ್ಲಿ ಮಗಳು ಮನೆಗೆ ಬಂದಾಗ ಎಷ್ಟು ಬಹುಮಾನ ಬಂತು, ಎಷ್ಟನೆಯ ಕುರ್ಚಿ ಸಿಕ್ಕಿತು ಎಂದು ಕೇಳುವುದು ಸಹಜ. ಅದರ ಬದಲು ಹತ್ತು ದಿನ ಏನನ್ನೂ ಕೇಳದೆ ಸುಮ್ಮನಿದ್ದು ನೋಡಬಹುದು. ಯಾರೂ ಹೇಳದೆ, ಕೇಳಲು ಯಾರೂ ಇಲ್ಲದ ಹೊತ್ತಿನಲ್ಲಿ ಅವಳ ಕೋಣೆಯಿಂದ ಪಿಟೀಲಿನ ದನಿ ಬರುತ್ತಿದ್ದರೆ, ಆ ರಾತ್ರಿ ಊಟದ ಹೊತ್ತಿನಲ್ಲಿ ಅವಳು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಂತೆ.