ನಾಮಸೂಚಿಯಿಂದ ನಾಲ್ಕು ಕಾಸು

ಭಟ್ಕಳಕ್ಕೆ ಸಮೀಪದ ಹೆಬಳೆಯ ತರುಣನೊಬ್ಬನು ಪದವಿಯನ್ನು ಮುಗಿಸಿ, ದುಬೈಗಾಗಲಿ ಬೆಂಗಳೂರಿಗಾಗಲಿ ಹೋಗದೆ, ಊರಿನಲ್ಲಿಯೇ ಒಂದು ಉದ್ಯಮವನ್ನು ಹೂಡಲು ಹೊರಟಿದ್ದಾನೆಂದು ಭಾವಿಸೋಣ. ಮಲ್ಲಿಗೆಯನ್ನು ಬೆಳೆಯುವವರು ಯಾರು, ದೋಣಿಯ ಎಂಜಿನನ್ನು ದುರಸ್ತಿ ಮಾಡುವವರು ಎಲ್ಲಿದ್ದಾರೆ, ಕುಮಟೆಯ ಸಿಹಿ ಈರುಳ್ಳಿ ಯಾವ ತಿಂಗಳಲ್ಲಿ ಯಾರ ಬಳಿ ದೊರೆಯುತ್ತದೆ? ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಇಂಥ ವಿವರಗಳನ್ನೆಲ್ಲ ಕಲೆಹಾಕಿ, ಜಾಲತಾಣದಲ್ಲಿ ನಾಮಸೂಚಿಯೊಂದನ್ನು ತೆರೆಯುವುದು ಅವನ ಯೋಜನೆ. ನೋಡುವವರು ಹಣ ಕೊಡಬೇಕಾಗಿಲ್ಲ. ತಮ್ಮ ಅಂಗಡಿಯ ಹೆಸರು ಎದ್ದು ಕಾಣಬೇಕೆನ್ನುವ ವರ್ತಕರು ಅಷ್ಟಿಷ್ಟು ಶುಲ್ಕ ಕೊಡುತ್ತಾರೆ. ಬಂಡವಾಳವಿಲ್ಲದ್ದರಿಂದ ಮುಕ್ತ ತಂತ್ರಾಂಶವನ್ನು, ಎಂದರೆ ಆಕರಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದ ತಂತ್ರಾಂಶವನ್ನು ಆರಿಸಿಕೊಳ್ಳಬೇಕೆಂದಿದ್ದಾನೆ. ಇದರಿಂದ ಹಣವಂತನಾಗಲು ಸಾಧ್ಯವೇ?

ನಿದರ್ಶನವೇನೋ ಉಂಟು. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ ತಮಗೆ ಹಿಡಿಸಿದ ಜಾಲತಾಣಗಳ ಪಟ್ಟಿಯೊಂದನ್ನು ಮಾಡಿದರು. ಅದೇ ಯಾಹೂ ಆಗಿ ಬೆಳೆದು, 1996ರಲ್ಲಿ ಅದರ ಷೇರುಗಳು ಮಾರುಕಟ್ಟೆಗೆ ಬಂದವು. ಆದರೆ ಪುಟಗಳು ಬೆಳೆದ ವೇಗಕ್ಕೆ ಮನುಷ್ಯರ ಕೈ ಸಾಲದೆ ಹೋಯಿತು. ಹುಡುಕುವ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ಯಾಹೂವಿನ ಆ ನಾಮಸೂಚಿಯು 2014ರಲ್ಲಿ ಮುಚ್ಚಿತು. ಸ್ವಯಂಸೇವಕರು 1998ರಿಂದ ನಡೆಸಿದ ಡಿಮಾಜ್ ಎಂಬ ಇನ್ನೊಂದು ನಾಮಸೂಚಿಯು 2017ರಲ್ಲಿ ನಿಂತಿತು. ಇದರ ನಮೂದುಗಳನ್ನು ಮಾತ್ರ ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾಗಿತ್ತು. ಆದುದರಿಂದ ಅಂಗಡಿ ಮುಚ್ಚಿದರೂ ಸರಕು ಉಳಿಯಿತು. ಕರ್ಲೀ ಎಂಬ ಹೆಸರಿನಲ್ಲಿ ಆ ಕೆಲಸವು ಮುಂದುವರಿಯಿತು.

ಈಗ ಯಂತ್ರದ ಒಳಗನ್ನು ನೋಡೋಣ. ಸಾವಿರ ಹೆಸರುಗಳ ಪಟ್ಟಿಯಲ್ಲಿ ಒಂದನ್ನು ಮೊದಲಿನಿಂದ ಹುಡುಕುತ್ತ ಹೋದರೆ ಸರಾಸರಿ 500 ಹೋಲಿಕೆಗಳು ಬೇಕು. ಅಕಾರಾದಿಯಾಗಿ ಜೋಡಿಸಿ, ನಡುವೆ ತೆರೆದು, ಬೇಡದ ಅರ್ಧವನ್ನು ಪ್ರತಿಸಲವೂ ಬಿಡುತ್ತ ಬಂದರೆ 10 ಹೋಲಿಕೆಗಳೇ ಸಾಕು. ಹತ್ತು ಲಕ್ಷ ಹೆಸರುಗಳಿದ್ದರೂ 20ಕ್ಕೆ ಮುಗಿಯಿತು. 1970ರಲ್ಲಿ ಬೋಯಿಂಗ್ ಸಂಸ್ಥೆಯಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ ಎಂಬವರು ಇದನ್ನು ಇನ್ನೂ ಮುಂದಕ್ಕೊಯ್ದು, ಒಂದೊಂದು ಗೆಣ್ಣಿನಲ್ಲಿಯೂ ಅನೇಕ ಕವಲುಗಳುಳ್ಳ 'ಬಿ-ಮರ'ವನ್ನು ರೂಪಿಸಿದರು. ಗೆಣ್ಣಿಗೆ ನೂರು ಕವಲುಗಳಿದ್ದರೆ, ಮೂರೇ ಮೆಟ್ಟಿಲುಗಳಲ್ಲಿ ಹತ್ತು ಲಕ್ಷ ನಮೂದುಗಳನ್ನು ಮುಟ್ಟಬಹುದು! ಪೋಸ್ಟ್‌ಗ್ರೆಸ್‌ಕ್ಯುಎಲ್, ಮೈಎಸ್‌ಕ್ಯುಎಲ್ ಮೊದಲಾದ ಮುಕ್ತ ದತ್ತಸಂಚಯಗಳಲ್ಲಿ ಈ ಮರವು ಸಿದ್ಧವಾಗಿಯೇ ದೊರೆಯುತ್ತದೆ. ವೇಗದ ಚಿಂತೆ ನಮ್ಮ ತರುಣನಿಗೆ ಬೇಡ.

ಚಿಂತಿಸಬೇಕಾದುದು ಕಾಗುಣಿತವನ್ನು. ಅವನ ಊರನ್ನೇ ಕೆಲವರು 'ಹೆಬಳೆ' ಎಂದೂ ಕೆಲವರು 'ಹೆಬ್ಳೆ' ಎಂದೂ ಬರೆಯುತ್ತಾರೆ. ನಮ್ಮ ಕಿವಿಗೆ ಎರಡೂ ಒಂದೇ. ಗಣಕಯಂತ್ರಕ್ಕಾದರೋ, ಯೂನಿಕೋಡ್ ಪದ್ಧತಿಯಲ್ಲಿ, ಮೊದಲನೆಯದು 5 ಸಂಕೇತಗಳ ಸಾಲು. ಎರಡನೆಯದರಲ್ಲಿ ವಿರಾಮ ಚಿಹ್ನೆಯೊಂದು ಸೇರಿ 6. ಒಂದನ್ನು ಕೇಳಿದವನಿಗೆ ಇನ್ನೊಂದು ಸಿಕ್ಕದು. ಬರಹವನ್ನು ಬಿಟ್ಟು ಉಚ್ಚಾರಣೆಯನ್ನು ಆಧರಿಸಿ ಪ್ರತಿಯೊಂದು ಪದಕ್ಕೂ ಒಂದು ಕೀಲಿಯನ್ನು ಕಟ್ಟುವುದು ಇದಕ್ಕೆ ಪರಿಹಾರ. ಸ್ವರಗಳನ್ನು ಸಡಿಲಬಿಟ್ಟರೆ ಎರಡೂ ರೂಪಗಳು ಒಂದೇ ಗೂಡಿಗೆ ಬೀಳುತ್ತವೆ. ಕನ್ನಡಕ್ಕಾಗಿ ಇಂಥ ಕೀಲಿಗಳನ್ನು ಕಟ್ಟುವ 'ಕೆಎನ್‌ಫೋನ್' ಎಂಬ ಮುಕ್ತ ತಂತ್ರಾಂಶವನ್ನು ಕೈಲಾಶ್ ನಾಧ್ ರಚಿಸಿದ್ದಾರೆ. ನಿಘಂಟುಗಳನ್ನು ಜಾಲದಲ್ಲಿ ಪ್ರಕಟಿಸುವ 'ಡಿಕ್ಟ್‌ಪ್ರೆಸ್' ಕೂಡ ಅವರದೇ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ದುಡಿದು ಸಂಗ್ರಹಿಸಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್', ಒಂದೂವರೆ ಲಕ್ಷದಷ್ಟು ಪದಗಳೊಡನೆ, 2019ರಲ್ಲಿ ಮುಕ್ತ ಪರವಾನಿಗೆಯಲ್ಲಿ ಹೊರಬಂದಿತು. (ಅಲರ್ ಎಂದರೆ ಹಳಗನ್ನಡದಲ್ಲಿ ಹೂವು, ಮಲ್ಲಿಗೆಯ ನಾಡಿನವರಿಗೆ ಹಿಡಿಸಬೇಕಾದ ಹೆಸರು.) ತಂತ್ರಾಂಶವನ್ನು ಬರೆಯಲು ಹಿಡಿದ ಕಾಲವನ್ನು ಈ ನಾಲ್ಕು ದಶಕಗಳ ಪಕ್ಕದಲ್ಲಿಟ್ಟು ನೋಡಿದರೆ ಬೆಲೆಯು ಎಲ್ಲಿ ಅಡಗಿದೆಯೆಂಬುದು ತಿಳಿಯುತ್ತದೆ.

ಕೈಲಾಶ್ ನಾಧ್ ಅವರು ತಂತ್ರಜ್ಞಾನದ ಹೊಣೆ ಹೊತ್ತಿರುವ ಜೆರೋಧಾ ಸಂಸ್ಥೆಯನ್ನು ನಿತಿನ್ ಮತ್ತು ನಿಖಿಲ್ ಕಾಮತ್ ಸಹೋದರರು 2010ರಲ್ಲಿ ಬೆಂಗಳೂರಿನಲ್ಲಿ, ಹೊರಗಿನ ಹೂಡಿಕೆಯಿಲ್ಲದೆ, ಆರಂಭಿಸಿದರು. ಮುಕ್ತ ತಂತ್ರಾಂಶಗಳ ಮೇಲೆಯೇ ಬೆಳೆದ ಈ ಸಂಸ್ಥೆಯು, ಅಂಥ ತಂತ್ರಾಂಶಗಳ ಪೋಷಣೆಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರುಗಳ ನಿಧಿಯನ್ನು 2024ರಲ್ಲಿ ಘೋಷಿಸಿತು. ಅದು ಗಳಿಸಿದ್ದು ತಂತ್ರಾಂಶವನ್ನು ಮಾರಿಯಲ್ಲ, ಷೇರು ದಲ್ಲಾಳಿಯ ಕೆಲಸವನ್ನು ಮಾಡಿ. ನಮ್ಮ ತರುಣನಿಗೆ ಬಿಟ್ಟಿಯಾಗಿ ದೊರೆಯುವ ತಂತ್ರಾಂಶವು ಪಕ್ಕದೂರಿನ ಪ್ರತಿಸ್ಪರ್ಧಿಗೂ ಬಿಟ್ಟಿಯಾಗಿಯೇ ದೊರೆಯುತ್ತದೆ. ಎಂಜಿನ್ ದುರಸ್ತಿಯವನ ದೂರವಾಣಿ ಸಂಖ್ಯೆ ಬದಲಾದುದನ್ನು ತೆಂಗಿನಗುಂಡಿಯ ಬಂದರಿಗೆ ಹೋಗಿ ವಿಚಾರಿಸಿ ತಿದ್ದಿದವನ ಸೂಚಿಗೆ ಮಾತ್ರ ಗಿರಾಕಿಗಳು ಮರಳಿ ಬಂದಾರು.

ಆದುದರಿಂದ ತಂತ್ರಾಂಶದ ಅಂದಚಂದಕ್ಕೆ ಮರುಳಾಗುವುದು ಬೇಡ. ಪರವಾನಿಗೆಯನ್ನು ಓದಬೇಕು: ತಿದ್ದಿದ ಸಂಕೇತವನ್ನು ಇತರರಿಗೂ ತೆರೆದಿಡಬೇಕೆಂದು ಕೆಲವು ವಿಧಿಸುತ್ತವೆ, ಎಂಐಟಿ ಪರವಾನಿಗೆಯಂಥವು ವಿಧಿಸುವುದಿಲ್ಲ. ಅದನ್ನು ಈಚಿನ ತಿಂಗಳುಗಳಲ್ಲಿ ಯಾರಾದರೂ ತಿದ್ದಿದ್ದಾರೆಯೇ ಎಂದೂ ನೋಡಬೇಕು. ಮೊದಲ ಇನ್ನೂರು ನಮೂದುಗಳಿಗೆ, ನಮ್ಮ ಅಭಿಪ್ರಾಯದಲ್ಲಿ, ಸಾಮಾನ್ಯ ಕೋಷ್ಟಕವೇ ಸಾಕು. ಅನಂತರ ಹತ್ತು ಹೆಸರುಗಳನ್ನು ಹೊಸ ತಂತ್ರಾಂಶಕ್ಕೆ ತುಂಬಿ, 'ಹೆಬ್ಳೆ' ಎಂದು ಹುಡುಕಿ, ಎಲ್ಲವನ್ನೂ ಸಾದಾ ಪಠ್ಯವಾಗಿ ಹೊರತೆಗೆದು ಬೇರೊಂದು ಗಣಕಯಂತ್ರದಲ್ಲಿ ತೆರೆಯಬೇಕು. ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಆ ತಂತ್ರಾಂಶವನ್ನು ಅಲ್ಲಿಗೇ ಬಿಟ್ಟು ಮುಂದಿನದನ್ನು ಪರೀಕ್ಷಿಸಬೇಕು.