ಮಾದರಿ ಜೆಟ್‌ನ ಹೊಟ್ಟೆಯೊಳಗೆ

ಪ್ರಶ್ನೆ: ರಿಮೋಟ್‌ನಿಂದ ಹಾರಿಸುವ ದೊಡ್ಡ ಮಾದರಿ ಜೆಟ್‌ಗಳಲ್ಲಿ ಇರುವುದು ನಿಜವಾದ ಜೆಟ್ ಎಂಜಿನ್ನೇ? ಜೋಡಿಸುವುದು ಕಷ್ಟವೇ?

ಉತ್ತರ: ನಿಜವಾದದ್ದೇ. ಕಂಪ್ರೆಸರ್, ದಹನಕೋಣೆ, ಟರ್ಬೈನ್ ಮೂರೂ ಉಂಟು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಹವ್ಯಾಸಿಗಳು ಮನೆಯಲ್ಲೇ ಕಟ್ಟಬಹುದಾದ ಎಂಜಿನ್ ರೂಪಿಸಿದಾಗ ಅದರ ಕಂಪ್ರೆಸರ್ ಚಕ್ರವನ್ನು ಮಾಡಿದ್ದು ಪ್ಲೈವುಡ್‌ನಿಂದ! ಈಗಿನವು ಲೋಹದವು, ಅನೇಕವು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಸೀಮೆಎಣ್ಣೆಗೆ ಸಾಮಾನ್ಯವಾಗಿ ಶೇ. 5ರಷ್ಟು ಟರ್ಬೈನ್ ಆಯಿಲ್ ಬೆರೆಸುತ್ತಾರೆ. ಬೇರಿಂಗ್‌ಗಳನ್ನು ತಂಪಾಗಿ, ನುಣುಪಾಗಿ ಇಡುವುದೂ ಇದೇ ಇಂಧನ.

ಎಂಜಿನ್ ಸಿದ್ಧವಾಗಿಯೇ ಸಿಗುತ್ತದೆ. ತಲೆನೋವೆಲ್ಲ ಅದರ ಸುತ್ತಲಿನದು. ಇಂಧನದ ಕೊಳವೆಯಲ್ಲಿ ಒಂದಿಷ್ಟು ಗಾಳಿ ಸೇರಿಕೊಂಡರೂ ಉರಿ ಆರಿಹೋಗಬಹುದು. ಆಗ ಹತ್ತಾರು ಕಿಲೋ ತೂಗುವ ವಿಮಾನವನ್ನು ಬರಿದೇ ತೇಲಿಸಿಕೊಂಡು ಇಳಿಸಬೇಕು. ಅದಕ್ಕೇ ಪಂಪಿಗೆ ಮುಂಚೆ, ಗುಳ್ಳೆ ಹಿಡಿದಿಟ್ಟುಕೊಳ್ಳುವ ಪುಟ್ಟದೊಂದು ಟ್ಯಾಂಕ್. ದೊಡ್ಡ ಟ್ಯಾಂಕ್‌ಗಳು ಗುರುತ್ವಕೇಂದ್ರದ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಇಂಧನ ಖಾಲಿಯಾದಂತೆಲ್ಲ ವಿಮಾನದ ತೂಕ ಹಿಂದಕ್ಕೋ ಮುಂದಕ್ಕೋ ವಾಲುತ್ತದೆ. ರೇಡಿಯೋ ಸಂಪರ್ಕ ತಪ್ಪಿದರೆ ಎಂಜಿನ್ ತಾನಾಗಿ ಆರುವಂತೆ ಮೊದಲೇ ಹೊಂದಿಸಿ, ನೆಲದ ಮೇಲೇ ಪರೀಕ್ಷಿಸುತ್ತಾರೆ. ಎಂಜಿನ್ ಹೊತ್ತಿಸುವಾಗ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಬೇಕು. ಎಂಜಿನ್‌ನ ಹಿಂದಿನ ಹೊಗೆಕೊಳವೆಯಲ್ಲಿ ನಿಂತ ಹಸಿ ಇಂಧನ ಭಗ್ಗೆಂದರೆ ರೆಕ್ಕೆ, ಬಾಲ ಎರಡೂ ಬೂದಿ.

ನನ್ನ ಮಟ್ಟಿಗೆ ಹೊಸಬರನ್ನು ಹೆಚ್ಚು ಕಾಡುವುದು ಥ್ರಾಟಲ್. ಕಡ್ಡಿ ಪೂರ್ತಿ ದೂಡಿದರೂ ಎಂಜಿನ್ ಪೂರ್ಣ ವೇಗಕ್ಕೇರಲು ಕೆಲವು ಸೆಕೆಂಡು ಬೇಕು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದಾದರೆ ಆ ನಿರ್ಧಾರ ಬೇಗನೇ ಆಗಬೇಕು.